ಹೆಡ್ ಬಿಚ್ಚುವ ಮೊದಲು: ಕಾರಟಗಿ ಸೀಮೆಯ ಹಳೆ ಪಿಕಪ್ಪೊಂದರ ಹೀಟ್ ತೊಂದರೆ

ಹಳೆ ಡೀಸೆಲ್ ಪಿಕಪ್ ಹೀಟ್ ಆಗುತ್ತಿದೆ ಎಂದು ಗ್ಯಾರೇಜಿಗೆ ಒಯ್ದರೆ ಬಹಳಷ್ಟು ಸಲ ಸಿಗುವ ಉತ್ತರ ಒಂದೇ: ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ) ಹೋಗಿದೆ, ಹೆಡ್ ಇಳಿಸಬೇಕು. ಕೆಲವೊಮ್ಮೆ ಅದು ನಿಜವೇ. ಇಲ್ಲಿ ಹೇಳುವ ಪ್ರಕರಣದಲ್ಲಿ ಅದು ನಿಜವಾಗಿರಲಿಲ್ಲ. ಅದು ಗೊತ್ತಾಗಿದ್ದು ಮನೆಯಂಗಳದಲ್ಲಿ, ಒಂದು ಮಲ್ಟಿಮೀಟರ್, ಒಂದು ಬಕೆಟ್ ಮತ್ತು ತೋಟದ ನೀರಿನ ಪೈಪಿನಿಂದ. ನಡುವೆ ಒಂದು ಹಂತದಲ್ಲಿ ರಿಪೇರಿಯಿಂದಲೇ ತೊಂದರೆ ಹೆಚ್ಚಾಯಿತು. ಕಲಿಯುವವರಿಗೆ ಆ ಹಂತವೇ ಹೆಚ್ಚು ಉಪಯೋಗ, ಹಾಗಾಗಿ ಅದನ್ನು ಬಿಡಿಸಿ ಬರೆದಿದೆ. ಊರು, ಮನೆತನ, ಗಾಡಿಯ ಕಂಪನಿ, ಗ್ಯಾರೇಜು ಯಾವುದರ ಹೆಸರೂ ಇಲ್ಲಿಲ್ಲ.

ಗಾಡಿ ಮತ್ತು ಅದರ ದುಡಿಮೆ

ಕೊಪ್ಪಳ ಜಿಲ್ಲೆಯ ಕಾರಟಗಿ ಸುತ್ತಿನ ಹಳ್ಳಿ, ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ಭತ್ತದ ಸೀಮೆ. ಗಾಡಿ ಹದಿನೈದು ವರ್ಷ ದಾಟಿದ ಎರಡೂವರೆ ಲೀಟರ್ ಡೀಸೆಲ್ ಪಿಕಪ್. ಡೀಸೆಲ್ ಪಂಪ್ ಮೆಕ್ಯಾನಿಕಲ್; ಸೆನ್ಸರ್, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಎಂಬ ಗೊಡವೆ ಇಲ್ಲ. ರೇಡಿಯೇಟರ್ ಬೆಸುಗೆ ಹಾಕಿದ ತಾಮ್ರ-ಹಿತ್ತಾಳೆಯ ಹಳೆ ಮಾದರಿ. ಓಡಿಸುವವರು ಮನೆಯ ಅಣ್ಣ. ಅವರ ತಮ್ಮ, ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತು ರೈಸ್‌ಮಿಲ್ಲೊಂದರಲ್ಲಿ ಕೆಲಸಕ್ಕಿದ್ದವರು. ಆಯಿಲ್, ಫಿಲ್ಟರ್, ಬೆಲ್ಟು, ಗ್ರೀಸಿಂಗ್ ಎಲ್ಲ ಮನೆಯಲ್ಲೇ.

ದುಡಿಮೆ ಎರಡು ಬಗೆ. ಸುಗ್ಗಿಯಲ್ಲಿ ಗದ್ದೆಯಿಂದ ಮಿಲ್ಲಿಗೆ ಭತ್ತ ಸಾಗಿಸುವುದು, ಉಳಿದ ದಿನ ಸಿಂಧನೂರು, ಗಂಗಾವತಿ ಕಡೆ ಗೊಬ್ಬರ, ಸಾಮಾನು ತರುವುದು. ಗದ್ದೆಯ ದಾರಿಯೇ ಗಾಡಿಗೆ ನಿಜವಾದ ಪರೀಕ್ಷೆ. ನಾಲೆಯ ದಂಡೆ ಮೇಲಿನ ಮಣ್ಣಿನ ರಸ್ತೆ, ಸೆಕೆಂಡ್ ಗೇರು, ಹದಿನೈದು ಕಿಲೋಮೀಟರ್ ವೇಗ, ಹಿಂದೆ 22 ಚೀಲ. ಈ ಸೀಮೆಯ ಭತ್ತದ ಚೀಲ 75 ಕಿಲೋ, ಅಂದರೆ 1,650 ಕಿಲೋ ಹೊರೆ. ಆರ್‌ಸಿ ಲೆಕ್ಕದಲ್ಲಿ ಈ ಗಾಡಿ ಹೊರಬೇಕಾದದ್ದು ಸುಮಾರು 1,200. ಎರಡನೇ ಬೆಳೆಯ ಕಟಾವು ಏಪ್ರಿಲ್-ಮೇ ತಿಂಗಳಲ್ಲಿ, ನೆರಳಲ್ಲೇ 40 ಡಿಗ್ರಿ ದಾಟುವ ಹೊತ್ತಿನಲ್ಲಿ. ಹಾರ್ವೆಸ್ಟರ್ ಪಕ್ಕ ನಿಂತ ಗಾಡಿಯ ಮೂತಿಗೆ ಹೊಟ್ಟು, ಜೊಳ್ಳು, ಧೂಳು ಸುರಿಯುತ್ತಲೇ ಇರುತ್ತದೆ.

ಹಿಂದಿನ ಇತಿಹಾಸವನ್ನೂ ಸೇರಿಸಿ ನೋಡಬೇಕು. ರೇಡಿಯೇಟರಿಗೆ ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರು. ನೀರಿಗೆ ಬೆರೆಸುವ, ತುಕ್ಕು ತಡೆಯುವ ಕೂಲಂಟ್ ಹಾಕಿಸಿದ್ದು ಗಾಡಿ ಹೊಸದಿದ್ದಾಗ ಮಾತ್ರ. ಹೊಟ್ಟು ತಡೆಯಲು ಗ್ರಿಲ್ ಹಿಂದೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿದ್ದರು. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಹಿಂದೆಂದೋ ಮುರಿದಿತ್ತು, ವಾಟರ್ ಪಂಪ್ ಬದಲಿಸಿದಾಗ ಅದನ್ನು ತಿರುಗಿ ಹಾಕಿರಲಿಲ್ಲ. ಕೇಳಿದರೆ "ಅದು ಇಲ್ದಿದ್ರೂ ನಡೀತೈತಿ" ಎಂಬ ಉತ್ತರ. ನಡೆಯುತ್ತಿತ್ತು, ನಿಜ. ಎಷ್ಟು ಹೊರೆಗೆ, ಯಾವ ಬಿಸಿಲಿಗೆ ಎನ್ನುವುದನ್ನು ಯಾರೂ ಕೇಳಿರಲಿಲ್ಲ.

ತೊಂದರೆ

ಸುಗ್ಗಿ ಶುರುವಾದ ವಾರದಲ್ಲೇ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಗತೊಡಗಿತು. ನಿಲ್ಲಿಸಿ, ಆರಿಸಿ, ನೀರು ಹಾಕಿ ಮತ್ತೆ ಹೊರಡಬೇಕು. ಗ್ಯಾರೇಜಿನಲ್ಲಿ ಮೊದಲು ವಾಟರ್ ಪಂಪ್ ಬದಲಿಸಿದರು. ಫರಕು ಬೀಳಲಿಲ್ಲ. ಆಮೇಲೆ ಬಂದ ತೀರ್ಪು ಹೆಡ್ ಗ್ಯಾಸ್ಕೆಟ್. ಹೆಡ್ ಇಳಿಸಿ, ಫೇಸ್ ಹೊಡೆಸಿ (ಅದರ ಮೈ ಸಮತಟ್ಟು ಮಾಡಿಸಿ), ಗ್ಯಾಸ್ಕೆಟ್ ಸೆಟ್ ಹಾಕಿ ಕೂರಿಸಲು 28,000 ರೂಪಾಯಿ ಅಂದಾಜು, ಗಾಡಿ ಒಂದು ವಾರ ಗ್ಯಾರೇಜಿನಲ್ಲಿ. ಸುಗ್ಗಿಯ ನಡುವೆ ಒಂದು ವಾರ ಎಂದರೆ ಬಾಡಿಗೆ ಗಾಡಿಯ ಖರ್ಚು ಅದರ ಮೇಲೆ.

ಇಲ್ಲಿ ತಮ್ಮ ಮಾಡಿದ ಕೆಲಸ ಇಡೀ ಪ್ರಕರಣದ ದಿಕ್ಕು ಬದಲಿಸಿತು. ಒಂದು ನಟ್ಟನ್ನೂ ಬಿಚ್ಚದೆ ಅಣ್ಣನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು: "ಮುಳ್ಳು ಯಾವಾಗ ಏರ್ತೈತಿ, ಗಾಡ್ಯಾಗ ಎಷ್ಟು ಚೀಲ ಇರ್ತಾವ, ಯಾವ ಗೇರ್‌ನ್ಯಾಗ ಇರ್ತಿ, ಲೈಟ್ ಹಚ್ಚಿರ್ತಿಯೋ ಇಲ್ಲೋ, ಅಷ್ಟ ಬರಿ ಅಣ್ಣ."

ಕೆಲವೇ ದಿನದಲ್ಲಿ ನೋಟ್‌ಬುಕ್ ಹೇಳಿದ್ದು ಇಷ್ಟು. ಹೊರೆ ಹೊತ್ತು ನಾಲೆ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ, ಮಧ್ಯಾಹ್ನ, ಮುಳ್ಳು ಹಂತಹಂತವಾಗಿ ಏರಿ ಕೆಂಪು ಮುಟ್ಟುತ್ತದೆ. ಖಾಲಿ ಗಾಡಿ ಡಾಂಬರು ರಸ್ತೆಯಲ್ಲಿ ಅರವತ್ತರ ವೇಗದಲ್ಲಿದ್ದರೆ ಮುಳ್ಳು ಅರ್ಧಕ್ಕಿಂತ ಕೆಳಗೇ ಇರುತ್ತದೆ. ಮುಂಜಾನೆಯಂತೂ ಇಂಜಿನ್ ಬಹಳ ಹೊತ್ತು ಬಿಸಿಯಾಗುವುದೇ ಇಲ್ಲ. ನಿಂತಲ್ಲೇ ಇಂಜಿನ್ ಓಡಿಸಿದರೆ ನೀರು ಕಡಿಮೆಯಾಗುವುದಿಲ್ಲ, ಹೊರೆಯ ಟ್ರಿಪ್ ಮುಗಿಸಿ ಬಂದರೆ ಅರ್ಧ ಲೀಟರಿನಷ್ಟು ಕಡಿಮೆ ಇರುತ್ತದೆ. ಕೊನೆಯ ಸಂಗತಿ ಯಾರೂ ಗಮನಿಸಿರದಿದ್ದದ್ದು: ರಾತ್ರಿ ಹೆಡ್‌ಲೈಟ್ ಹಚ್ಚಿದ ಕ್ಷಣಕ್ಕೆ ಮುಳ್ಳು ಎರಡು ಗೆರೆ ಮೇಲೆ ಹಾರುತ್ತದೆ, ಜೊತೆಗೆ ಡೀಸೆಲ್ ಮುಳ್ಳೂ ಸ್ವಲ್ಪ ಏರುತ್ತದೆ.

ಅಂದರೆ "ಹೀಟ್ ಆಗ್ತೈತಿ" ಎಂಬ ಒಂದೇ ಮಾತಿನೊಳಗೆ ಬೇರೆಬೇರೆ ದೂರುಗಳು ಅಡಗಿದ್ದವು.

ಮೊದಲು ಮುಳ್ಳಿನ ಸುಳ್ಳು

ಒಂಬತ್ತು ಲೀಟರ್ ನೀರು ಮತ್ತು ಇಂಜಿನ್ನಿನ ಭಾರೀ ತೂಕದ ಕಬ್ಬಿಣ ಒಂದು ಸೆಕೆಂಡಿನಲ್ಲಿ ಹತ್ತು ಡಿಗ್ರಿ ಕಾಯಲಾರವು. ಮುಳ್ಳು ಹಾರಿದರೆ ಅದು ಕರೆಂಟಿನ ತೊಂದರೆ, ನೀರಿನದಲ್ಲ. ಎರಡೂ ಮುಳ್ಳು ಒಟ್ಟಿಗೆ ಏರಿದರೆ ಅನುಮಾನ ಸೀದಾ ಡ್ಯಾಶ್‌ಬೋರ್ಡ್ ಮೀಟರಿನ ಅರ್ಥ್ ವೈರಿನ ಮೇಲೆ. ಲೈಟಿನ ಕರೆಂಟೂ ಅದೇ ಅರ್ಥಿನಿಂದ ಹಿಂದಿರುಗುವಾಗ ತುಕ್ಕು ಹಿಡಿದ ಜೋಡಣೆಯಲ್ಲಿ ವೋಲ್ಟೇಜ್ ಉಳಿದುಬಿಡುತ್ತದೆ. ಮೀಟರಿನೊಳಗಿನ ಕಾಯಿಲ್‌ಗಳ ಲೆಕ್ಕ ತಪ್ಪಿ ಮುಳ್ಳು ಮೇಲೆ ತೋರಿಸುತ್ತದೆ.

ತಪಾಸಣೆ ಸರಳ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಪ್ರೋಬ್ ಮೀಟರ್ ಹಿಂದಿನ ಅರ್ಥ್ ಪಿನ್ನಿಗೆ, ಇನ್ನೊಂದು ನೇರ ಬ್ಯಾಟರಿಯ ಮೈನಸ್ಸಿಗೆ. ಇಗ್ನಿಷನ್ ಆನ್, ಹೆಡ್‌ಲೈಟ್ ಆನ್. 0.1, ಹೆಚ್ಚೆಂದರೆ 0.2 ವೋಲ್ಟ್ ಬರಬೇಕು. ಇಲ್ಲಿ ಬಂದದ್ದು 0.9. ಡ್ಯಾಶ್ ಕೆಳಗೆ ಅರ್ಥ್ ಕಚ್ಚಿಸಿದ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಹೊಸ ಲಗ್ ಹಾಕಿ, 2.5 ಚದರ ಮಿ.ಮೀ. ವೈರನ್ನು ಗಾಡಿಯ ಲೋಹದ ಮೈಗೆ ಎಳೆದರು. ಇಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿಯನ್ನೂ ಬಿಚ್ಚಿ ತಿಕ್ಕಿ ಕೂರಿಸಿದರು. ಆಮೇಲೆ 0.05 ವೋಲ್ಟ್. ರಾತ್ರಿಯ ಹೀಟ್ ಅಲ್ಲಿಗೆ ಮುಗಿಯಿತು.

ಹಗಲಿನ ಹೀಟ್ ನಿಜವಾದದ್ದೇ ಎಂದು ಖಚಿತಪಡಿಸಿಕೊಳ್ಳಲು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದರು. ಇದರಲ್ಲಿ ಒಂದು ಎಚ್ಚರ ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಇದು ಇದ್ದುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ (ಕಾವಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಕವಾಟ) ಕೂರುವ ಹೌಸಿಂಗ್ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಪ್ರತಿ ಸಲ ಅದೇ ಜಾಗದ ಮೇಲೆ ಅಳೆದರು. 22 ಚೀಲ, ನಾಲೆ ರಸ್ತೆ, ಮಧ್ಯಾಹ್ನ: 101 ಡಿಗ್ರಿ, ಮುಚ್ಚಳದಿಂದ ಬುಸುಗುಡುವ ಹಬೆ. ಮುಂದಿನ ಪ್ರತಿ ರಿಪೇರಿಯನ್ನೂ ಇದೇ ಹೊರೆ, ಇದೇ ದಾರಿ, ಇದೇ ಹೊತ್ತಿನಲ್ಲಿ ಅಳೆಯಬೇಕೆಂದು ತೀರ್ಮಾನಿಸಿದರು.

ಹೆಡ್ ಗ್ಯಾಸ್ಕೆಟ್ಟಿನ ವಿಚಾರಣೆ

28,000 ರೂಪಾಯಿಯ ಪ್ರಶ್ನೆ ಮೊದಲು ಇತ್ಯರ್ಥ ಆಗಬೇಕಿತ್ತು. ಆಯಿಲ್ ಮುಚ್ಚಳದ ಒಳಗೆ, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದಂಥ ಬಣ್ಣ ಇರಲಿಲ್ಲ. ರೇಡಿಯೇಟರ್ ನೀರಿನ ಮೇಲೆ ಆಯಿಲ್ ಪದರವೂ ಇರಲಿಲ್ಲ. ಇವೆರಡೂ ಇಲ್ಲದಿದ್ದರೂ ಗ್ಯಾಸ್ಕೆಟ್ ಹೋಗಿರಬಹುದು. ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದ್ದರೆ ಆಯಿಲ್ ಸ್ವಚ್ಛವಾಗಿಯೇ ಇರುತ್ತದೆ. ಹಾಗಾಗಿ ಇನ್ನೆರಡು ಪರೀಕ್ಷೆ ಮಾಡಿದರು.

ರಾತ್ರಿಯಿಡೀ ತಣಿದ ಗಾಡಿ. ಮುಂಜಾನೆ ಮುಚ್ಚಳ ಬಿಗಿ ಮಾಡಿ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಪೈಪನ್ನು ಹಿಚುಕಿ ಹಿಡಿಯಬೇಕು. ನೀರು ಇನ್ನೂ ತಣ್ಣಗಿರುವಾಗಲೇ ಒಂದೆರಡು ನಿಮಿಷದಲ್ಲಿ ಪೈಪು ಕಲ್ಲಿನಂತೆ ಬಿಗಿದರೆ ಒಳಗೆ ಗ್ಯಾಸ್ ಸೇರುತ್ತಿದೆ ಎಂದರ್ಥ. ಇಲ್ಲಿ ಪೈಪು ಮೆತ್ತಗೇ ಇತ್ತು.

ಎರಡನೆಯದು ಇನ್ನೂ ನಂಬಲರ್ಹ. ಫ್ಯಾನ್ ಬೆಲ್ಟ್ ಕಳಚಿ, ಮುಚ್ಚಳ ತೆಗೆದು, ನೀರನ್ನು ಬಾಯಿಮಟ್ಟ ತುಂಬಿ, ತಣ್ಣಗಿನ ಇಂಜಿನನ್ನು ಸ್ಟಾರ್ಟ್ ಮಾಡಬೇಕು. ಬೆಲ್ಟ್ ಇಲ್ಲದ್ದರಿಂದ ವಾಟರ್ ಪಂಪ್ ತಿರುಗುವುದಿಲ್ಲ, ನೀರು ನಿಂತಿರುತ್ತದೆ. ಆಗ ಗುಳ್ಳೆ ಸತತವಾಗಿ ಏಳುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚಾದರೆ, ಅದು ಸಿಲಿಂಡರಿನಿಂದ ಬಂದ ಗ್ಯಾಸ್. ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ಇಂಥ ಹಳೆ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುವುದು ಸಾಮಾನ್ಯ. ಬೆಲ್ಟ್ ಇಲ್ಲದಿದ್ದರೆ ಬ್ರೇಕಿಗೆ ಬಲ ಇರುವುದಿಲ್ಲ. ಆದ್ದರಿಂದ ಗಾಲಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ನಿಂತಲ್ಲೇ ಮಾಡಬೇಕು. ಬೆಲ್ಟ್ ಹಾಕುವವರೆಗೆ ಗಾಡಿಯನ್ನು ಒಂದು ಗಜವೂ ಕದಲಿಸಬಾರದು.

ಮೊದಲಲ್ಲಿ ಎರಡು ಮೂರು ಗುಳ್ಳೆ ಬಂದವು, ಅದು ಸಿಕ್ಕಿಕೊಂಡಿದ್ದ ಗಾಳಿ. ಆಮೇಲೆ ನೀರು ಅಲುಗಾಡಲೇ ಇಲ್ಲ.

ಇಷ್ಟರಿಂದ ಹೆಡ್ಡು ನಿರ್ದೋಷಿ ಎಂದು ಪೂರಾ ಹೇಳಲಾಗದು. ಬಿಸಿಯಾಗಿ, ಹೊರೆ ಬಿದ್ದಾಗ ಮಾತ್ರ ಬಾಯಿಬಿಡುವ ಬಿರುಕುಗಳು ತಣ್ಣಗಿನ ಪರೀಕ್ಷೆಗೆ ಸಿಗುವುದಿಲ್ಲ. ಆದರೂ ಹೆಡ್ಡನ್ನು ಪಟ್ಟಿಯ ಕೊನೆಗೆ ತಳ್ಳಲು ಇಷ್ಟು ಸಾಕ್ಷಿ ಸಾಕು. ಮನೆಯವರು ಒಂದು ಷರತ್ತು ಹಾಕಿಕೊಂಡರು: ಹೊರಗಿನದೆಲ್ಲ ಸರಿಯಾದ ಮೇಲೂ ನೀರು ಕಡಿಮೆಯಾಗುತ್ತಿದ್ದರೆ ಆಗ ಹೆಡ್ ಇಳಿಸುವುದು. ತೀರ್ಮಾನವನ್ನು ಮುಂದೂಡುವಾಗ ಹೀಗೆ ಗಡಿ ಹಾಕಿಕೊಳ್ಳುವುದು ಬಹಳ ಮುಖ್ಯ. ಇಲ್ಲದಿದ್ದರೆ ನಿಜವಾಗಿ ಹೋದ ಗ್ಯಾಸ್ಕೆಟ್ಟಿನ ಮೇಲೆ ತಿಂಗಳುಗಟ್ಟಲೆ ಓಡಿಸಿ ಹೆಡ್ಡನ್ನೇ ಸೊಟ್ಟ ಮಾಡಿಕೊಳ್ಳುತ್ತೇವೆ.

ಮುಚ್ಚಳ ಮತ್ತು ಗಾಳಿ

ಹಾಗಾದರೆ ಅರ್ಧ ಲೀಟರ್ ನೀರು ಎಲ್ಲಿ ಹೋಗುತ್ತಿತ್ತು? ಟ್ರಿಪ್ ಮುಗಿಸಿ ಬಂದ ಗಾಡಿಯ ಮೇಲಿನ ಹೋಸನ್ನು ಬಟ್ಟೆ ಸುತ್ತಿ ಹಿಚುಕಿದರೆ ಬಿಸಿಯಲ್ಲೂ ಸಡಿಲವಾಗಿತ್ತು. ಒತ್ತಡವೇ ನಿಂತಿಲ್ಲ. ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದರೆ ರಬ್ಬರ್ ಒಣಗಿ ಸೀಳಿತ್ತು. 0.9 ಬಾರ್ ಹಿಡಿಯುವ ಮುಚ್ಚಳ ಸರಿ ಇದ್ದರೆ ಬರೀ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳ ಹಿಡಿಯದಿದ್ದರೆ 100ರ ಆಸುಪಾಸಿನಲ್ಲೇ ಕುದಿದು ಹೊರಗೆ ಚೆಲ್ಲುತ್ತದೆ. ನೀರು ಕಡಿಮೆಯಾದಷ್ಟೂ ಕಾವು ಹೆಚ್ಚು, ಕಾವು ಹೆಚ್ಚಿದಷ್ಟೂ ಚೆಲ್ಲುವುದು ಹೆಚ್ಚು. ಹೊಸ ಮುಚ್ಚಳ ಕೊಳ್ಳುವಾಗ ಹಳೆಯದರ ಮೇಲೆ ಒತ್ತಿದ ಅಂಕಿಯನ್ನೇ ನೋಡಿ ಕೊಳ್ಳಬೇಕು. ಜಾಸ್ತಿ ಒತ್ತಡದ್ದು ಒಳ್ಳೆಯದು ಎಂದುಕೊಂಡು 1.1 ಹಾಕಿದರೆ ಹಳೆ ಬೆಸುಗೆ ಬಾಯಿ ಬಿಡಬಹುದು. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದೆಂದು ಎಲ್ಲರಿಗೂ ಗೊತ್ತು. ಸುಗ್ಗಿಯ ಅವಸರದಲ್ಲಿ ಎಲ್ಲರೂ ತೆಗೆಯುತ್ತಾರೆ. ಮೇಲಿನ ಹೋಸನ್ನು ಬರಿಗೈಲಿ ಹಿಡಿದುಕೊಳ್ಳಲು ಆಗುವವರೆಗೆ ದಯವಿಟ್ಟು ಮುಟ್ಟಬೇಡಿ.

ನಿಧಾನ ಹೋದರೆ ಕಾಯುತ್ತದೆ, ಜೋರಾಗಿ ಹೋದರೆ ತಣ್ಣಗಿರುತ್ತದೆ ಎಂದರೆ ಮೊದಲು ಗಾಳಿಯನ್ನು ನೋಡಬೇಕು. ವೇಗದಲ್ಲಿ ಗಾಳಿ ತಾನೇ ನುಗ್ಗುತ್ತದೆ; ಸೆಕೆಂಡ್ ಗೇರಿನಲ್ಲಿ ಫ್ಯಾನ್ ಎಳೆದುಕೊಂಡಷ್ಟೇ ಗಾಳಿ. ಸೊಳ್ಳೆ ಪರದೆ ಬಿಚ್ಚಿದರೆ ಅದರ ಕಣ್ಣುಗಳೆಲ್ಲ ತೌಡಿನಂಥ ಧೂಳಿನಿಂದ ಮುಚ್ಚಿದ್ದವು. ಅದನ್ನು ಎಸೆದು ಅರ್ಧ ಇಂಚಿನ ಕಣ್ಣಿನ ತಂತಿ ಜಾಲರಿಯನ್ನು ಗ್ರಿಲ್ಲಿಗೆ ಕಟ್ಟಿದರು. ದೊಡ್ಡ ಕಸ ಅದರಲ್ಲಿ ನಿಲ್ಲುತ್ತದೆ. ಸಣ್ಣ ಧೂಳು ಒಳಗೆ ಹೋಗುತ್ತದೆ, ಅದನ್ನು ತೊಳೆಯಲೇಬೇಕು. ತೊಳೆಯುವುದು ಇಂಜಿನ್ ಕಡೆಯಿಂದ ಮುಂದಕ್ಕೆ, ಅಂದರೆ ಹೊಟ್ಟು ಬಂದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕಳಿಸಬೇಕು. ಮುಂದಿನಿಂದ ಹೊಡೆದರೆ ಇನ್ನೂ ಒಳಕ್ಕೆ ಗಟ್ಟಿಯಾಗಿ ಕೂರುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡ, ರೇಡಿಯೇಟರಿನ ತೆಳು ರೆಕ್ಕೆಗಳಾದ ಫಿನ್ನುಗಳು ಮಡಚಿಕೊಳ್ಳುತ್ತವೆ. ತೋಟದ ಪೈಪಿನ ನೀರು, ಅರ್ಧ ಗಂಟೆ ತಾಳ್ಮೆ, ಇಷ್ಟು ಸಾಕು.

ಫ್ಯಾನ್ ಕವರನ್ನು ಗುಜರಿ ಅಂಗಡಿಯಿಂದ ತಂದು ಹಾಕಿದರು. ಕವರ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಫ್ಯಾನಿನ ನಡುವಿನ ವಿಸ್ಕಸ್ ಕಪ್ಲಿಂಗ್ (ಕಾದಾಗ ಫ್ಯಾನನ್ನು ಬಿಗಿಯಾಗಿ ತಿರುಗಿಸುವ ಜೋಡಣೆ) ಕೂಡ ದುರ್ಬಲ ಎಂದು ಕಂಡಿತು. ಇಂಜಿನ್ ಚೆನ್ನಾಗಿ ಕಾದಿರುವಾಗ ಆರಿಸಿದರೆ ಫ್ಯಾನ್ ಬೇಗ ನಿಲ್ಲಬೇಕು, ಇದು ಸುಮ್ಮನೆ ಸುತ್ತುತ್ತಲೇ ಇತ್ತು. ಕಪ್ಲಿಂಗ್ ಬೆಲೆ ಕೇಳಿ ಅದನ್ನು ಆಮೇಲೆ ನೋಡೋಣ ಎಂದು ಬಿಟ್ಟರು.

ಮತ್ತೆ ಅದೇ ಹೊರೆ, ಅದೇ ದಾರಿ: 97 ಡಿಗ್ರಿ. ನೀರು ಚೆಲ್ಲುವುದು ನಿಂತಿತು. ದೂರದ ಟ್ರಿಪ್ಪಿನ ಕೊನೆಗೆ ಮುಳ್ಳು ಮಾತ್ರ ಇನ್ನೂ ಏರುತ್ತಲೇ ಇತ್ತು.

ತೊಳೆದು ಕೆಡಿಸಿದ್ದು

ಒಳಗಿನ ಸುಣ್ಣದ ಪದರದ ಮೇಲೆ ಈಗ ಅನುಮಾನ ಬಂತು. ಈ ಸೀಮೆಯ ಬೋರ್ ನೀರು ಕಾಯಿಸಿದ ಹಂಡೆಯ ತಳ ನೋಡಿದವರಿಗೆ ರೇಡಿಯೇಟರಿನ ಒಳಗು ಹೇಗಿರುತ್ತದೆಂದು ಹೇಳಬೇಕಿಲ್ಲ. ನಿಂಬೆ ಉಪ್ಪಿನಿಂದ, ಅಂದರೆ ಸಿಟ್ರಿಕ್ ಆಸಿಡ್‌ನಿಂದ, ತೊಳೆಯಲು ನಿರ್ಧರಿಸಿದರು. ಆಯ್ಕೆ ಸರಿಯಾದದ್ದೇ. ಟಾಯ್ಲೆಟ್ ಆಸಿಡ್ ಹಾಕುವವರಿದ್ದಾರೆ, ಅದು ಅಲ್ಯೂಮಿನಿಯಂ ಹೌಸಿಂಗನ್ನು ತಿಂದುಹಾಕುತ್ತದೆ, ತಾಮ್ರ-ಹಿತ್ತಾಳೆಯ ಬೆಸುಗೆಯನ್ನೂ ಬಿಡುವುದಿಲ್ಲ.

ತೊಳೆಯಲು ಥರ್ಮೋಸ್ಟಾಟ್ ತೆಗೆಯೋಣ ಎಂದು ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇರಲಿಲ್ಲ. ಹಿಂದೆ ಯಾರೋ ಹೀಟ್ ಆಗುತ್ತದೆಂದು ಕಿತ್ತು ಹಾಗೇ ಮುಚ್ಚಿದ್ದರು. ಮುಂಜಾನೆ ಗಾಡಿ ಬಹಳ ಹೊತ್ತು ಕಾಯುತ್ತಿರಲಿಲ್ಲ ಎಂಬ ನೋಟ್‌ಬುಕ್ಕಿನ ಸಾಲಿಗೆ ಇಲ್ಲಿ ಅರ್ಥ ಸಿಕ್ಕಿತು. ಥರ್ಮೋಸ್ಟಾಟ್ ಕಿತ್ತರೆ ನೀರು ಸಲೀಸಾಗಿ ಹರಿದು ಗಾಡಿ ತಣ್ಣಗಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಇದೆ. ಇಂಥ ಇಂಜಿನ್ನುಗಳ ಥರ್ಮೋಸ್ಟಾಟಿಗೆ ಎರಡು ಬಿಲ್ಲೆ ಇರುತ್ತವೆ. ಕಾದಾಗ ಮೇಲಿನದು ರೇಡಿಯೇಟರಿನ ದಾರಿ ತೆರೆಯುತ್ತದೆ, ಕೆಳಗಿನದು ಬೈಪಾಸ್ ದಾರಿ ಮುಚ್ಚುತ್ತದೆ. ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ಬಿಸಿ ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ. ಖಾಲಿ ಓಡಾಟದಲ್ಲಿ ಇಂಜಿನ್ ಬೇಕಾದಷ್ಟು ಕಾಯುವುದಿಲ್ಲ. ಹೊರೆ ಬಿದ್ದಾಗ ಬೇಕಾದಷ್ಟು ತಣಿಯುವುದಿಲ್ಲ.

ಥರ್ಮೋಸ್ಟಾಟ್ ತರಲು ಹೇಳಿ ತೊಳೆಯುವ ಕೆಲಸ ಮುಂದುವರಿಸಿದರು. 9 ಲೀಟರಿಗೆ 400 ಗ್ರಾಂ ನಿಂಬೆ ಉಪ್ಪು ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಇಂಜಿನ್ ಕಾಯಿಸಿ ಅರ್ಧ ಗಂಟೆ ಓಡಿಸಿ, ತಣಿದ ಮೇಲೆ ಬಸಿದರು. ಕಂದು ಕೆಸರು ಬಂತು. ಆಸಿಡ್ ನೀರು ಪೂರ್ತಿ ಬಸಿದು ಒಮ್ಮೆ ಸಾದಾ ನೀರು ಹಾಯಿಸಿದ ಮೇಲೆ 100 ಗ್ರಾಂ ಅಡಿಗೆ ಸೋಡಾ ಬೆರೆಸಿದ ನೀರು ಹತ್ತು ನಿಮಿಷ, ಆಮೇಲೆ ತಿಳಿ ಬರುವವರೆಗೆ ಸಾದಾ ನೀರು. ಆಸಿಡ್ ಒಳಗಿರುವಾಗಲೇ ಸೋಡಾ ಸುರಿದರೆ ನೊರೆ ಉಕ್ಕಿ ಮುಖಕ್ಕೆ ಹಾರುತ್ತದೆ. ಆಸಿಡ್ ನೀರನ್ನು ರಾತ್ರಿಯಿಡೀ ಬಿಡಲೂಬಾರದು.

ಮರುದಿನ ಅದೇ ಹೊರೆ, ಅದೇ ದಾರಿ: 106 ಡಿಗ್ರಿ. ಮೊದಲಿಗಿಂತ ಬೇಗ ಏರಿತು.

ಮನೆಯಲ್ಲಿ ಬೇಸರ ಸಹಜವಾಗಿತ್ತು. "ಮಿಸ್ತ್ರಿ ಹೇಳಿದ್ದ ಖರೆ, ಹೆಡ್ ಬಿಚ್ಚಿಸಿಬಿಡೂಣ ತಮ್ಮಾ" ಎಂದು ಅಣ್ಣ ಹೇಳಿದರು. ತಮ್ಮ ಕೇಳಿದ್ದು ಬೇರೆ ಪ್ರಶ್ನೆ: ನಿನ್ನೆಗೂ ಇವತ್ತಿಗೂ ನಡುವೆ ಬದಲಾಗಿದ್ದೇನು? ಬದಲಾಗಿದ್ದು ತೊಳೆದದ್ದು ಒಂದೇ. ಗ್ಯಾಸ್ಕೆಟ್ ನಿನ್ನೆ ಇದ್ದಂತೆಯೇ ಇದೆ, ನೀರೂ ಕಡಿಮೆಯಾಗಿಲ್ಲ. ಮೊದಲೇ ಹಾಕಿಕೊಂಡ ಷರತ್ತು ಇಲ್ಲಿ ನೆರವಿಗೆ ಬಂತು.

ಬಿಸಿ ಇಂಜಿನ್ ಆರಿಸಿ ರೇಡಿಯೇಟರಿನ ಮೈಮೇಲೆ ಥರ್ಮಾಮೀಟರ್ ಆಡಿಸಿದರೆ ಬಲಗಡೆಯ ಮೂರನೇ ಒಂದು ಭಾಗ ಪಕ್ಕಕ್ಕಿಂತ ಇಪ್ಪತ್ತು ಡಿಗ್ರಿ ತಣ್ಣಗಿತ್ತು. ಅಂದರೆ ಅಲ್ಲಿ ನೀರೇ ಹರಿಯುತ್ತಿಲ್ಲ. ತಣಿದ ಮೇಲೆ ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿದಾಗ ಮೇಲಿನ ಡಬ್ಬಿಯಲ್ಲಿ ಕೊಳವೆಗಳ ಬಾಯಿಗೆ ಬಿಳಿ ಚಕ್ಕೆಗಳು ಅಡ್ಡಲಾಗಿ ಕೂತಿದ್ದವು. ಆಸಿಡ್ ಹೆಡ್ಡಿನ, ಬ್ಲಾಕಿನ ಗೋಡೆಯ ಸುಣ್ಣವನ್ನು ಪೂರ್ತಿ ಕರಗಿಸಿರಲಿಲ್ಲ, ಎಬ್ಬಿಸಿತ್ತು. ಎದ್ದ ಚಕ್ಕೆಗಳು ನೀರಿನೊಂದಿಗೆ ಹರಿದು ಮೊದಲು ಸಿಕ್ಕ ಇಕ್ಕಟ್ಟಾದ ಜಾಗದಲ್ಲಿ ಸಿಕ್ಕಿಹಾಕಿಕೊಂಡವು. ಇಂಜಿನ್ ಮತ್ತು ರೇಡಿಯೇಟರನ್ನು ಒಟ್ಟಿಗೆ ತೊಳೆದದ್ದೇ ಇಲ್ಲಿಯ ತಪ್ಪು. ವರ್ಷಗಟ್ಟಲೆ ಬೋರ್ ನೀರು ಕುಡಿದ ಗಾಡಿಯಲ್ಲಿ ಎರಡನ್ನೂ ಬೇರೆ ಮಾಡಿಯೇ ತೊಳೆಯಬೇಕು.

ರೇಡಿಯೇಟರ್ ಇಳಿಸಿದ್ದು

ರೇಡಿಯೇಟರ್ ಇಳಿಸಿ ಕಲ್ಲಿಗೆ ಒರಗಿಸಿ ನಿಲ್ಲಿಸಿದರು. ಮೇಲಿನ ಬಾಯಿಗೆ ತೋಟದ ಪೈಪ್ ಇಟ್ಟು ಪೂರ್ತಿ ನೀರು ಬಿಟ್ಟಾಗ ಕೆಳಗಿನ ಬಾಯಿಯಿಂದ ಅಷ್ಟೇ ರಭಸದಲ್ಲಿ ಹೊರಬರಬೇಕು. ಇಲ್ಲಿ ಕೆಳಗೆ ಬೆರಳು ದಪ್ಪದ ಧಾರೆ, ಮೇಲೆ ತುಂಬಿ ಚೆಲ್ಲುತ್ತಿತ್ತು. ಈ ಒಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಇದರ ಉತ್ತರದಲ್ಲಿ ಅನುಮಾನವೂ ಇರುವುದಿಲ್ಲ.

ಇಲ್ಲಿ ಮನೆಯ ಕೆಲಸದ ಗಡಿ ಬಂತು. ತಾಮ್ರ-ಹಿತ್ತಾಳೆಯ ರೇಡಿಯೇಟರಿನ ಡಬ್ಬಿಯ ಬೆಸುಗೆ ಬಿಚ್ಚಿ, ಪ್ರತಿ ಕೊಳವೆಯಲ್ಲೂ ಚಪ್ಪಟೆ ಸಲಾಕೆ ಹಾಯಿಸಿ, ತಿರುಗಿ ಬೆಸೆದು, ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಸೋರಿಕೆ ನೋಡುವ ಕೆಲಸವನ್ನು ಗಂಗಾವತಿಯ ರೇಡಿಯೇಟರ್ ರಿಪೇರಿಯವರಿಗೆ ಕೊಟ್ಟರು. ಪ್ಲಾಸ್ಟಿಕ್ ಡಬ್ಬಿಯ ಅಲ್ಯೂಮಿನಿಯಂ ರೇಡಿಯೇಟರ್ ಆಗಿದ್ದರೆ ಈ ದಾರಿ ಸುಲಭವಿಲ್ಲ, ಹೊಸದು ಹಾಕುವುದೇ ವಾಸಿ.

ಆ ಹೊತ್ತಿಗೆ ಮನೆಯಲ್ಲಿ ಬ್ಲಾಕ್ ತೊಳೆಯುವ ಕೆಲಸ. ಬ್ಲಾಕಿನ ಪಕ್ಕದಲ್ಲಿ ಒಂದು ಡ್ರೈನ್ ಪ್ಲಗ್ ಇರುತ್ತದೆ, ಬಹಳಷ್ಟು ಗಾಡಿಗಳಲ್ಲಿ ಅದನ್ನು ಯಾರೂ ಬಿಚ್ಚಿರುವುದೇ ಇಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಟ್ಟು, ಬೆಳಿಗ್ಗೆ ರಿಂಗ್ ಸ್ಪ್ಯಾನರ್‌ನಿಂದ ಬಿಚ್ಚಿದರು. ಒಂದು ಹನಿಯೂ ಬರಲಿಲ್ಲ. ಗಟ್ಟಿ ತಂತಿಯಿಂದ ಚುಚ್ಚಿದಾಗ ಮೊದಲು ಕೆಮ್ಮಣ್ಣಿನಂಥ ಮೆತ್ತನೆ ಕೆಸರು, ಆಮೇಲೆ ಬೆರಳಿನುಗುರಿನಷ್ಟು ಚಕ್ಕೆಗಳು, ಕೊನೆಗೆ ನೀರು. ತುಕ್ಕು, ಸುಣ್ಣ, ರಾಡಿ ಎಲ್ಲ ಸೇರಿ ಸಿಲಿಂಡರಿನ ಬುಡದಲ್ಲಿ ಕೂತಿತ್ತು. ಹೌಸಿಂಗಿನ ಕಡೆಯಿಂದ ನೀರು ಬಿಟ್ಟು, ಪ್ಲಗ್ಗಿನಿಂದ ಒಮ್ಮೆ, ಕೆಳಗಿನ ಹೋಸಿನಿಂದ ಒಮ್ಮೆ ಹೊರತೆಗೆಯುತ್ತ, ಚಕ್ಕೆ ಬರುವುದು ನಿಲ್ಲುವವರೆಗೆ ತೊಳೆದರು. ಬಂದದ್ದನ್ನು ಬಟ್ಟೆಯಲ್ಲಿ ಸೋಸಿದರೆ ಬೊಗಸೆ ತುಂಬಿತು.

ಹೊಸ ಥರ್ಮೋಸ್ಟಾಟನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ತೂಗುಹಾಕಿ ಕಾಯಿಸಿ ನೋಡಿದರು. ತಳಕ್ಕೆ ತಾಗಬಾರದು. ಮೇಲೆ ಒತ್ತಿದ 82 ಡಿಗ್ರಿಯ ಹತ್ತಿರ ಬಾಯಿ ಬಿಡಲು ಶುರುವಾಗಿ, 95ರ ಹೊತ್ತಿಗೆ ಎಂಟು ಮಿಲಿಮೀಟರಿನಷ್ಟು ತೆರೆಯಿತು. ಹೊಸದೆಂದು ನಂಬಿ ಹಾಕಬಾರದು, ಹೊಸ ಡಬ್ಬಿಯಲ್ಲೂ ತೆರೆಯದವು ಬರುತ್ತವೆ. ಸ್ಪ್ರಿಂಗ್ ಇಂಜಿನ್ ಕಡೆಗೆ, ಗಾಳಿ ಬಿಡುವ ಸಣ್ಣ ರಂಧ್ರ ಮೇಲಕ್ಕೆ. ಕೆಳಗಿನ ಹೋಸನ್ನೂ ಬದಲಿಸಿದರು. ಅದು ಪಂಪ್ ಎಳೆದುಕೊಳ್ಳುವ ಕಡೆಯದು. ಒಳಗಿನ ಸ್ಪ್ರಿಂಗ್ ತುಕ್ಕು ತಿಂದಿದ್ದರೆ ಇಂಜಿನ್ ಜೋರಾದಾಗ ಚಪ್ಪಟೆಯಾಗಿ ನೀರು ಕಟ್ಟುತ್ತದೆ.

ತುಂಬಿದ್ದು ಕೂಲಂಟ್ ಮೂರು ಲೀಟರ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಆರು ಲೀಟರ್. ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಮಾತಿಲ್ಲ. ಬೇಕಾದದ್ದು ತುಕ್ಕು ತಡೆಯುವ ಗುಣ, ಅದಕ್ಕೆ ಮೂರನೇ ಒಂದು ಪಾಲು ಸಾಕು. ಡಬ್ಬಿಯ ಮೇಲೆ ಇದಕ್ಕಿಂತ ಹೆಚ್ಚು ಪ್ರಮಾಣ ಬರೆದಿದ್ದರೆ ಅದನ್ನೇ ಪಾಲಿಸಬೇಕು. ನೀರು ಬೆರೆಸಿಯೇ ಮಾರುವ ಕೂಲಂಟಿಗೆ ಮತ್ತೆ ನೀರು ಹಾಕಬಾರದು. ಗಾಡಿಯ ಮೂತಿಯನ್ನು ದಿಬ್ಬದ ಮೇಲೆ ಎತ್ತರಿಸಿ ನಿಲ್ಲಿಸಿ, ಮುಚ್ಚಳ ತೆಗೆದು ಓಡಿಸಿ, ಥರ್ಮೋಸ್ಟಾಟ್ ತೆರೆದು ನೀರು ಕುಸಿದಾಗ ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಿದರು. ಚೆಲ್ಲಿದ ಕೂಲಂಟನ್ನು ಅಂಗಳದಲ್ಲಿ ಬಿಡಬಾರದು. ಅದು ಸಿಹಿಯಾಗಿರುತ್ತದೆ, ದನ, ನಾಯಿ ನೆಕ್ಕುತ್ತವೆ, ನೆಕ್ಕಿದರೆ ಸಾಯಬಹುದು.

ಫಲಿತಾಂಶ ಮತ್ತು ಅದರ ಓದು

22 ಚೀಲ, ನಾಲೆ ರಸ್ತೆ, ಮಧ್ಯಾಹ್ನ: 91 ಡಿಗ್ರಿ. ಹೋಸಿನಲ್ಲಿ ಒತ್ತಡ ನಿಂತಿತು. ಸುಗ್ಗಿ ಮುಗಿಯುವವರೆಗೆ ನೀರು ಹಾಕುವ ಪ್ರಸಂಗ ಬರಲಿಲ್ಲ. ಆ ಅಳತೆ ಮುಗಿದ ಮೇಲೆ ಹೊರೆಯನ್ನು 16 ಚೀಲಕ್ಕೆ ಇಳಿಸಿದರು. ಕೂಲಿಂಗ್ ಸರಿಯಾಯಿತೆಂದು ಬ್ರೇಕು, ಸ್ಪ್ರಿಂಗ್ ಪಟ್ಟಿಗಳ ಶಕ್ತಿ ಹೆಚ್ಚುವುದಿಲ್ಲ. ಥರ್ಮಾಮೀಟರಿನ ಬೆಲೆಯೂ ಸೇರಿ ಒಟ್ಟು ಖರ್ಚು ಎಂಟು ಸಾವಿರ ಮುಟ್ಟಲಿಲ್ಲ. ವಿಸ್ಕಸ್ ಕಪ್ಲಿಂಗನ್ನು ಮುಂದಿನ ಕಟಾವಿಗೆ ಮೊದಲು ಹಾಕಿಸಿದರು.

ಥರ್ಮೋಸ್ಟಾಟ್, ರೇಡಿಯೇಟರ್, ಹೋಸು ಮೂರನ್ನೂ ಒಂದೇ ಸಲ ಸರಿಮಾಡಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ನೀರು ಹರಿಸಿದ ಪರೀಕ್ಷೆ ನೋಡಿದರೆ ದೊಡ್ಡ ಪಾಲು ರೇಡಿಯೇಟರಿನದೇ. ಆದರೆ ಥರ್ಮೋಸ್ಟಾಟ್ ಇಲ್ಲದೆ ರೇಡಿಯೇಟರ್ ಮಾತ್ರ ಸರಿಮಾಡಿದ್ದರೆ ಮುಂಜಾನೆಯ ತಣ್ಣನೆ ಓಟ, ಅದರಿಂದಾಗುವ ಹೊಗೆ, ಸಿಲಿಂಡರ್ ಸವೆತ ಮುಂದುವರಿಯುತ್ತಿದ್ದವು.

ಗ್ಯಾರೇಜಿನವರು ಮೋಸ ಮಾಡಿದರು ಎಂಬ ತೀರ್ಮಾನ ಇಲ್ಲಿ ಸಲ್ಲದು. ನೀರು ಕಡಿಮೆಯಾಗುತ್ತದೆ, ಹೀಟ್ ಆಗುತ್ತದೆ, ಪಂಪ್ ಹೊಸದು ಎಂಬ ಮೂರು ಮಾತು ಕೇಳಿದ ಯಾವ ಮಿಸ್ತ್ರಿಗೂ ಗ್ಯಾಸ್ಕೆಟ್ ನೆನಪಾಗುವುದು ಸಹಜ. ಅವರ ಕೈಗೆ ನೋಟ್‌ಬುಕ್ ಸಿಕ್ಕಿರಲಿಲ್ಲ. ಯಾವ ಗೇರು, ಎಷ್ಟು ಹೊರೆ, ಎಷ್ಟು ಹೊತ್ತಿಗೆ ಎಂಬ ವಿವರ ಒಯ್ದು ಕೊಟ್ಟರೆ ಗ್ಯಾರೇಜಿನಲ್ಲೂ ಬೇರೆ ಉತ್ತರ ಸಿಗುತ್ತದೆ. ಸುಗ್ಗಿಯ ಗದ್ದಲದಲ್ಲಿ ಹತ್ತು ಗಾಡಿ ಸಾಲಾಗಿ ನಿಂತಿರುವಾಗ ಮಿಸ್ತ್ರಿ ತಾನೇ ಕೂತು ಇದನ್ನೆಲ್ಲ ಕೇಳಲಿ ಎಂದು ನಿರೀಕ್ಷಿಸುವುದು ಕಷ್ಟ.

ಇದೇ ತಪಾಸಣೆ ಬೇರೆ ಗಾಡಿಯಲ್ಲಿ ಬೇರೆ ಉತ್ತರ ಕೊಡಬಹುದು. ಬೆಲ್ಟ್ ಕಳಚಿದ ಪರೀಕ್ಷೆಯಲ್ಲಿ ಗುಳ್ಳೆ ಸತತವಾಗಿ ಎದ್ದಿದ್ದರೆ, ಅಥವಾ ಮುಂಜಾನೆಯ ತಣ್ಣನೆ ಹೋಸು ಎರಡು ನಿಮಿಷದಲ್ಲಿ ಬಿಗಿದಿದ್ದರೆ, ಅವತ್ತೇ ಗಾಡಿ ನಿಲ್ಲಿಸಿ ಹೆಡ್ ಇಳಿಸುವುದೇ ಸರಿ. ಆಗ ಗ್ಯಾಸ್ಕೆಟ್ ಮಾತ್ರ ಬದಲಿಸಿ ಕೂರಿಸಲು ಬಿಡಬೇಡಿ. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಸೊಟ್ಟಗಾಗಿದೆಯೇ ಎಂದು ನೋಡಿಸಿ, ಬಿರುಕಿಗೆ ಒತ್ತಡದ ಪರೀಕ್ಷೆ ಮಾಡಿಸಿ, ರೇಡಿಯೇಟರನ್ನೂ ಆಗಲೇ ಇಳಿಸಿ ನೀರು ಹರಿಸಿ ನೋಡಿ. ಬಹಳಷ್ಟು ಡೀಸೆಲ್ ಇಂಜಿನ್ನುಗಳ ಹೆಡ್ ಗ್ಯಾಸ್ಕೆಟ್ ಹಲವು ದಪ್ಪಗಳಲ್ಲಿ ಬರುತ್ತದೆ, ದಪ್ಪದ ಗುರುತಾಗಿ ಅಂಚಿನಲ್ಲಿ ಕಚ್ಚು ಅಥವಾ ತೂತು ಇರುತ್ತವೆ. ಪಿಸ್ಟನ್, ಬ್ಲಾಕ್ ಬದಲಾಗಿರದಿದ್ದರೆ, ಬ್ಲಾಕಿಗೆ ಫೇಸ್ ಹೊಡೆಸಿರದಿದ್ದರೆ, ಹಳೆಯದನ್ನು ಎಸೆಯುವ ಮೊದಲು ಆ ಗುರುತು ಎಣಿಸಿಕೊಂಡು ಅಷ್ಟೇ ಗುರುತಿನದನ್ನು ತರಬೇಕು.